ದತ್ತಾಂಶದ ನೆಲೆ ಮತ್ತು ಖಾಸಗಿತನದ ಕಾನೂನುಗಳು

ವ್ಯಕ್ತಿಗಳ ಹೆಸರು, ವಿಳಾಸ, ಬೆರಳಚ್ಚು, ಬ್ಯಾಂಕ್ ಲೆಕ್ಕ, ಆರೋಗ್ಯದ ವಿವರ ಮುಂತಾದ ಮಾಹಿತಿಯನ್ನು ತುಂಬಿಟ್ಟ ಸರ್ವರ್‌ಗಳು ಇರುವ ಜಾಗವೇ ದತ್ತಾಂಶದ ನೆಲೆ. ಆ ಜಾಗ ಯಾವ ದೇಶಕ್ಕೆ ಸೇರಿದೆ ಎಂಬುದನ್ನು ನೋಡಿಕೊಂಡು ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ: ಯಾವ ಪೊಲೀಸರು ಆ ಮಾಹಿತಿ ಕೇಳಬಹುದು, ಯಾವ ನ್ಯಾಯಾಲಯದಲ್ಲಿ ದಾವೆ ಹೂಡಬಹುದು, ಸೋರಿಕೆಯಾದರೆ ದಂಡ ಹಾಕುವವರು ಯಾರು. ಎಲ್ಲ ಪ್ರಶ್ನೆಗಳಿಗೂ ಸಿಗುವುದಿಲ್ಲ. ಮಾಹಿತಿ ಯಾರದು, ಅದನ್ನು ಆಳುವ ಕಂಪನಿ ಯಾವ ದೇಶದ್ದು, ಎಲ್ಲಿಂದ ಕೂತು ಅದನ್ನು ತೆರೆದು ನೋಡುತ್ತಾರೆ ಎಂಬವೂ ಅಷ್ಟೇ ತೂಕದ ಸಂಗತಿಗಳು. ಖಾಸಗಿತನದ ಕಾನೂನುಗಳು ಬೆಳೆದಂತೆಲ್ಲ ಸರ್ವರ್ ಎಲ್ಲಿಡಬೇಕೆಂಬ ತೀರ್ಮಾನ ಎಂಜಿನಿಯರುಗಳ ಕೈಯಿಂದ ಅರ್ಧ ಜಾರಿ ವಕೀಲರ ಮೇಜಿಗೆ ಬಂದಿದೆ.

ಹಗೇವಿನಲ್ಲಿಟ್ಟ ಜೋಳದಂತೆ ದತ್ತಾಂಶ ಒಂದೇ ಕಡೆ ಕೂತಿರುವುದಿಲ್ಲ. ಮೂಲ ಪ್ರತಿ ಒಂದು ಊರಿನಲ್ಲಿದ್ದರೆ, ಪ್ರವಾಹ, ಬೆಂಕಿ, ಭೂಕಂಪದ ಭಯಕ್ಕೆ ಎರಡನೆಯ ಪ್ರತಿ ದೂರದ ಇನ್ನೊಂದು ಊರಿನಲ್ಲಿರುತ್ತದೆ. ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆ ಮತ್ತೊಂದು ಕಡೆ ಸೇರುತ್ತದೆ. ದೋಷ ಸರಿಪಡಿಸುವ ಸಿಬ್ಬಂದಿ ಬೇರೊಂದು ದೇಶದಲ್ಲಿ ಕೂತು ಪರದೆಯ ಮೇಲೆ ಅದನ್ನೇ ನೋಡುತ್ತಿರಬಹುದು. ಕಾನೂನು ಈ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಬಳ್ಳಾರಿ ತಾಲ್ಲೂಕಿನ ಹೋಬಳಿ ಕೇಂದ್ರ ಮೋಕದ ನಿವಾಸಿಯೊಬ್ಬರ ದತ್ತಾಂಶ ಎಲ್ಲೆಲ್ಲಿ ಹರಡಿದೆ ಎಂದು ನೋಡಿದರೆ ವಿಷಯದ ಹರವು ತಿಳಿಯುತ್ತದೆ. ಹಗರಿ ಎಂದೂ ಕರೆಯುವ ವೇದಾವತಿಯ ದಡದ ಈ ಊರಿನ ರೈತರ ಪಹಣಿ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿದೆ. ಆಧಾರ್‌ಗೆ ಕೊಟ್ಟ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ವಿಶಿಷ್ಟ ಗುರುತಿನ ಪ್ರಾಧಿಕಾರದ ಬೆಂಗಳೂರು ಮತ್ತು ಹರಿಯಾಣದ ಮಾನೇಸರ ಕೇಂದ್ರಗಳಲ್ಲಿವೆ. ಕಿರಾಣಿ ಅಂಗಡಿಯಲ್ಲಿ ಮೊಬೈಲಿನಿಂದ ಕೊಟ್ಟ ಹಣದ ವಿವರ ರಿಸರ್ವ್ ಬ್ಯಾಂಕಿನ ಆದೇಶದಂತೆ ಭಾರತದೊಳಗೇ ಇರಬೇಕು. ಅದೇ ಮೊಬೈಲಿನ ಫೋಟೊಗಳು, ಇ-ಮೇಲ್, ಸಾಮಾಜಿಕ ಜಾಲತಾಣದ ಖಾತೆಗಳು ಯಾವ ಖಂಡದ ಯಾವ ಕಟ್ಟಡದಲ್ಲಿವೆ ಎಂಬುದು ಕಂಪನಿಗಳಿಗೆ ಮಾತ್ರ ಗೊತ್ತು. ಒಬ್ಬನೇ ವ್ಯಕ್ತಿ, ಒಂದೇ ಕೈಯೊಳಗಿನ ಫೋನ್. ಅನ್ವಯಿಸುವ ನಿಯಮಗಳು ಹಲವು.

ಹಿನ್ನೆಲೆ

ದತ್ತಾಂಶ ರಕ್ಷಣೆಯ ಮೊದಲ ಕಾಯ್ದೆ 1970ರಲ್ಲಿ ಪಶ್ಚಿಮ ಜರ್ಮನಿಯ ಹೆಸ್ಸೆ ಪ್ರಾಂತದಲ್ಲಿ ಬಂದಿತು. ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಕಾಯ್ದೆ ಸ್ವೀಡನ್ನಿನದು, 1973. ದೇಶದಾಚೆಗೆ ವೈಯಕ್ತಿಕ ದತ್ತಾಂಶ ಕಳಿಸಲು ಅನುಮತಿ ಬೇಕೆಂಬ ವಿಧಿ ಅದರಲ್ಲೇ ಇತ್ತು. ಇಂಟರ್‌ನೆಟ್ ಜನಬಳಕೆಗೆ ಬರುವ ಎಷ್ಟೋ ಮೊದಲೇ, ಟೇಪುಗಳ ಕಾಲದಲ್ಲೇ, ನೆಲೆಯ ಪ್ರಶ್ನೆ ಹುಟ್ಟಿಕೊಂಡಿತ್ತು.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂದಾಗ ಅದರ ಗಮನವೆಲ್ಲ ಎಲೆಕ್ಟ್ರಾನಿಕ್ ವ್ಯವಹಾರ ಮತ್ತು ಸೈಬರ್ ಅಪರಾಧದ ಮೇಲಿತ್ತು. 2008ರ ತಿದ್ದುಪಡಿಯಲ್ಲಿ 43ಎ ಕಲಂ ಸೇರಿತು. ಅದರಡಿ 2011ರಲ್ಲಿ ಸೂಕ್ಷ್ಮ ವೈಯಕ್ತಿಕ ದತ್ತಾಂಶದ ನಿಯಮಗಳು ಬಂದವು. ಪಾಸ್‌ವರ್ಡ್, ಹಣಕಾಸು, ಆರೋಗ್ಯದಂಥ ಮಾಹಿತಿಯನ್ನು ಹೊರದೇಶಕ್ಕೆ ಕಳಿಸಬೇಕಾದರೆ ಅಲ್ಲಿಯೂ ಇಲ್ಲಿಯಷ್ಟೇ ರಕ್ಷಣೆ ಇರಬೇಕು, ಜೊತೆಗೆ ಕರಾರಿಗೆ ಅಗತ್ಯವಾಗಿರಬೇಕು ಇಲ್ಲವೇ ವ್ಯಕ್ತಿಯ ಒಪ್ಪಿಗೆ ಇರಬೇಕು ಎಂದು ಅವು ಹೇಳಿದವು. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿಸಿಕೊಂಡರೆ ಒಪ್ಪಿಗೆ ಆಗುತ್ತಿದ್ದುದರಿಂದ ಈ ನಿಯಮ ಯಾವ ಕಂಪನಿಯ ಸರ್ವರನ್ನೂ ಅಲುಗಿಸಲಿಲ್ಲ.

ದೊಡ್ಡ ತಿರುವು ಕರ್ನಾಟಕದಿಂದ ಹೋದ ಮೊಕದ್ದಮೆಯಿಂದ ಬಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿದ್ದರಿಂದ ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಪೀಠ ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದಿತು. ತೀರ್ಪು ಸರ್ವರ್‌ಗಳ ಜಾಗದ ಕುರಿತು ಏನನ್ನೂ ವಿಧಿಸಲಿಲ್ಲ. ಆದರೆ ಪ್ರತ್ಯೇಕ ಕಾಯ್ದೆಯೊಂದು ಬೇಕೇಬೇಕು ಎಂಬ ಸ್ಥಿತಿಯನ್ನು ಅದು ತಂದಿತು.

ಮಸೂದೆಯಿಂದ ಕಾಯ್ದೆಗೆ

ಕಾಯ್ದೆಯ ಕರಡು ತಯಾರಿಸಲು 2017ರ ಜುಲೈ ಕೊನೆಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಒಂದು ವರ್ಷದಲ್ಲಿ ಬಂದ ವರದಿ ನೆಲೆಯ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಪ್ರತಿಯೊಂದು ವೈಯಕ್ತಿಕ ದತ್ತಾಂಶದ ಒಂದು ಪ್ರತಿಯಾದರೂ ಭಾರತದ ಸರ್ವರಿನಲ್ಲಿರಬೇಕು. ಸರ್ಕಾರ ‘ನಿರ್ಣಾಯಕ’ ಎಂದು ಗೊತ್ತುಮಾಡಿದ ದತ್ತಾಂಶ ಭಾರತದಲ್ಲಿ ಮಾತ್ರ ಇರಬೇಕು. ಅಪರಾಧ ತನಿಖೆಗೆ ವಿದೇಶಿ ಕಂಪನಿಗಳ ಬಾಗಿಲು ಕಾಯುವುದು ತಪ್ಪುತ್ತದೆ, ದೇಶದಲ್ಲಿ ತಂತ್ರಜ್ಞಾನ ಬೆಳೆಯುತ್ತದೆ, ವಿದೇಶಿ ಬೇಹುಗಾರಿಕೆ ತಗ್ಗುತ್ತದೆ ಎಂಬವು ಸಮಿತಿ ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ಇವುಗಳಲ್ಲಿ ಮೊದಲಿನೆರಡಕ್ಕೆ ವ್ಯಕ್ತಿಯ ಖಾಸಗಿತನದೊಂದಿಗೆ ನೇರ ಸಂಬಂಧವಿಲ್ಲ. ನೆಲೆಯ ಚರ್ಚೆಯಲ್ಲಿ ಖಾಸಗಿತನ ಮತ್ತು ರಾಜ್ಯಾಧಿಕಾರ ಒಂದೇ ಹೆಸರಿನಡಿ ಬೆರೆತುಹೋಗುವುದು ಇಲ್ಲಿಂದಲೇ ಕಾಣುತ್ತದೆ.

2019ರ ಡಿಸೆಂಬರಿನಲ್ಲಿ ಮಂಡನೆಯಾದ ಮಸೂದೆ ಪ್ರತಿ ಇಡುವ ಕಡ್ಡಾಯವನ್ನು ಸೂಕ್ಷ್ಮ ದತ್ತಾಂಶಕ್ಕೆ ಇಳಿಸಿತು. ಜಂಟಿ ಸಂಸದೀಯ ಸಮಿತಿ ಎರಡು ವರ್ಷ ಅದನ್ನು ಪರಿಶೀಲಿಸಿತು. 2022ರ ಆಗಸ್ಟಿನಲ್ಲಿ ಸರ್ಕಾರ ಮಸೂದೆಯನ್ನೇ ಹಿಂದಕ್ಕೆ ಪಡೆಯಿತು. ಕೊನೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದಿಕ್ಕನ್ನೇ ಬದಲಿಸಿತು. ಅದರ 16ನೇ ಕಲಮಿನಂತೆ ದತ್ತಾಂಶ ಯಾವ ದೇಶಕ್ಕಾದರೂ ಹೋಗಬಹುದು. ಬೇಡವೆನಿಸಿದ ದೇಶಗಳನ್ನು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ಬಂಧಿಸಬಹುದು. ಒಪ್ಪಿದ ದೇಶಗಳ ಪಟ್ಟಿ ಮಾಡುವ ಯುರೋಪಿನ ಕ್ರಮಕ್ಕೆ ಇದು ತಿರುವುಮುರುವು. ಭಾರತದಲ್ಲಿರುವವರಿಗೆ ಸರಕು ಅಥವಾ ಸೇವೆ ಒದಗಿಸಲು ಹೊರದೇಶದಲ್ಲಿ ದತ್ತಾಂಶ ಸಂಸ್ಕರಿಸಿದರೂ ಕಾಯ್ದೆ ಅನ್ವಯಿಸುತ್ತದೆ. ಆದ್ದರಿಂದ ಸರ್ವರನ್ನು ಸಿಂಗಪುರದಲ್ಲಿಟ್ಟು ಹೊಣೆಯಿಂದ ನುಣುಚಿಕೊಳ್ಳಲು ಬರುವುದಿಲ್ಲ. ಗರಿಷ್ಠ ದಂಡ 250 ಕೋಟಿ ರೂಪಾಯಿ.

ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ, ಎಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಅಲ್ಲಿಯವರೆಗೆ 2011ರ ನಿಯಮಗಳದೇ ಆಳ್ವಿಕೆ. ಈ ಹೊಸ ನಿಯಮಗಳಲ್ಲಿ ನೆಲೆಯ ನಿರ್ಬಂಧ ಹಿಂಬಾಗಿಲಿನಿಂದ ಮರಳಿದೆ. ಬೃಹತ್ ಪ್ರಮಾಣದಲ್ಲಿ ಅಥವಾ ಸೂಕ್ಷ್ಮವಾದ ದತ್ತಾಂಶ ಬಳಸುವ ಸಂಸ್ಥೆಗಳನ್ನು ಸರ್ಕಾರ ಪ್ರತ್ಯೇಕವಾಗಿ ಗುರುತಿಸಬಹುದು. ಅಂಥ ಸಂಸ್ಥೆಗಳಿಗೆ, ಸಮಿತಿಯೊಂದರ ಶಿಫಾರಸಿನಂತೆ ಗೊತ್ತುಮಾಡಿದ ದತ್ತಾಂಶವನ್ನೂ ಅದರ ಸಂಚಾರದ ವಿವರವನ್ನೂ ದೇಶದಾಚೆ ಒಯ್ಯಬಾರದೆಂದು ಹೇಳುವ ಅಧಿಕಾರ ಸರ್ಕಾರಕ್ಕೆ ಇದೆ. ಹತ್ತು ವರ್ಷಕ್ಕೆಂದು ದತ್ತಾಂಶ ಕೇಂದ್ರ ಕಟ್ಟುವವರಿಗೆ ಇದು ಅನಿಶ್ಚಿತತೆ. ಎಚ್ಚರವಿರುವ ಕಂಪನಿಗಳು ನಿಷೇಧ ಬರಬಹುದೆಂದು ಮೊದಲೇ ಭಾರತದ ನೆಲೆಯನ್ನು ಆರಿಸಿಕೊಳ್ಳುವುದುಂಟು. ಹೊರಡದ ಅಧಿಸೂಚನೆಯೂ ಹೀಗೆ ಕೆಲಸ ಮಾಡುತ್ತದೆ.

ಕ್ಷೇತ್ರವಾರು ನಿಯಮಗಳು

ಭಾರತದಲ್ಲಿ ಸರ್ವರ್ ಎಲ್ಲಿರಬೇಕೆಂದು ನಿಜವಾಗಿ ಗೊತ್ತುಮಾಡಿರುವುದು ಖಾಸಗಿತನದ ಕಾಯ್ದೆಗಿಂತ ಹೆಚ್ಚಾಗಿ ಆಯಾ ಕ್ಷೇತ್ರದ ನಿಯಂತ್ರಕರ ಸುತ್ತೋಲೆಗಳು. 2023ರ ಕಾಯ್ದೆಯೂ ತನಗಿಂತ ಬಿಗಿಯಾದ ಬೇರೆ ಕಾನೂನುಗಳನ್ನು ಹಾಗೇ ಉಳಿಸಿದೆ.

ಅವುಗಳಲ್ಲಿ ಹೆಚ್ಚು ಪರಿಣಾಮ ಬೀರಿದ್ದು ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ 6ರ ಸುತ್ತೋಲೆ. ಪಾವತಿ ವ್ಯವಸ್ಥೆಗಳ ಸಂಪೂರ್ಣ ದತ್ತಾಂಶ ಭಾರತದಲ್ಲಿ ಮಾತ್ರ ಇರಬೇಕು ಎಂದು ಎರಡು ಪುಟದಷ್ಟೂ ಇಲ್ಲದ ಆ ಆದೇಶ ಆರು ತಿಂಗಳ ಗಡುವು ಕೊಟ್ಟಿತು. 2019ರ ಜೂನಿನ ವಿವರಣೆ ಸ್ವಲ್ಪ ಸಡಿಲ ಮಾಡಿತು: ಸಂಸ್ಕರಣೆ ಹೊರದೇಶದಲ್ಲಿ ನಡೆಯಬಹುದು, ಆದರೆ ಒಂದು ಕೆಲಸದ ದಿನ ಅಥವಾ 24 ಗಂಟೆಯೊಳಗೆ ದತ್ತಾಂಶವನ್ನು ಅಲ್ಲಿಂದ ಅಳಿಸಿ ಭಾರತಕ್ಕೆ ತರಬೇಕು. ಒಂದು ತುದಿ ಹೊರದೇಶದಲ್ಲಿರುವ ವಹಿವಾಟಿಗೆ ಅಲ್ಲಿಯೂ ಒಂದು ಪ್ರತಿ ಇಡಬಹುದು. ಆದೇಶ ಪಾಲಿಸಲಿಲ್ಲವೆಂದು ಅಮೆರಿಕನ್ ಎಕ್ಸ್‌ಪ್ರೆಸ್ ಮತ್ತು ಡೈನರ್ಸ್ ಕ್ಲಬ್‌ಗಳಿಗೆ 2021ರ ಮೇ 1ರಿಂದ, ಮಾಸ್ಟರ್‌ಕಾರ್ಡ್‌ಗೆ ಅದೇ ವರ್ಷ ಜುಲೈ 22ರಿಂದ ಹೊಸ ಗ್ರಾಹಕರನ್ನು ಸೇರಿಸುವುದು ನಿಷಿದ್ಧವಾಯಿತು. ಮಾಸ್ಟರ್‌ಕಾರ್ಡ್ ಮೇಲಿನ ನಿರ್ಬಂಧ ತೆರವಾದದ್ದು 2022ರ ಜೂನಿನಲ್ಲಿ. ಜಗತ್ತಿನ ಕಾರ್ಡ್ ವಹಿವಾಟಿನ ದೊಡ್ಡ ಪಾಲನ್ನು ಹಿಡಿದಿರುವ ಕಂಪನಿಗೆ ಸರ್ವರ್ ಜಾಗದ ಕಾರಣಕ್ಕೆ ಸುಮಾರು ಹನ್ನೊಂದು ತಿಂಗಳು ಭಾರತದಲ್ಲಿ ಹೊಸ ಗ್ರಾಹಕರ ಬಾಗಿಲು ಮುಚ್ಚಿತ್ತು.

ಇದೇ ಆದೇಶದ ವ್ಯಾಪ್ತಿಗೆ ಹಳ್ಳಿಯ ಬ್ಯಾಂಕುಗಳೂ ಬರುತ್ತವೆ. ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಯಿತು. ಇಂಥ ವಿಲೀನದಲ್ಲಿ ಫಲಕ ಬದಲಿಸುವುದು ಹಗುರದ ಕೆಲಸ; ಎರಡು ಬ್ಯಾಂಕುಗಳ ಖಾತೆ, ಸಾಲ, ಸಹಿಯ ಮಾದರಿಗಳನ್ನು ಒಂದೇ ವ್ಯವಸ್ಥೆಗೆ ಸೋರದಂತೆ ಸಾಗಿಸುವುದು ಭಾರದ್ದು. ಇತ್ತ ಮೊಬೈಲ್ ಆ್ಯಪ್‌ಗಳ ಮೂಲಕ ಕೊಡುವ ಸಾಲಕ್ಕೆ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಬಂದಿತು. ಸಾಲಗಾರರ ದತ್ತಾಂಶ ಭಾರತದ ಸರ್ವರ್‌ಗಳಲ್ಲಿ ಮಾತ್ರ ಇರಬೇಕು, ಫೋನಿನ ಸಂಪರ್ಕ ಪಟ್ಟಿ ಮತ್ತು ಫೋಟೊಗಳಿಗೆ ಆ್ಯಪ್ ಕೈಹಾಕಬಾರದು ಎಂದಿತು ಅದು. ಪರಿಚಯದವರಿಗೆಲ್ಲ ಫೋನ್ ಮಾಡಿ ಮಾನ ಕಳೆಯುವ ವಸೂಲಿಗಾರರ ಕಾಟ ಕಂಡವರಿಗೆ ಈ ಎರಡರಲ್ಲಿ ಯಾವುದು ನಿಜವಾದ ರಕ್ಷಣೆಯೆಂದು ಹೇಳಿಕೊಡಬೇಕಿಲ್ಲ.

ವಿಮಾ ಪ್ರಾಧಿಕಾರದ 2015ರ ನಿಯಮಗಳು ಪಾಲಿಸಿ ಮತ್ತು ಪರಿಹಾರದ ಎಲೆಕ್ಟ್ರಾನಿಕ್ ದಾಖಲೆಗಳು ಭಾರತದ ಕೇಂದ್ರಗಳಲ್ಲೇ ಇರಬೇಕೆಂದು ವಿಧಿಸಿದವು. ಕಂಪನಿಗಳ ಲೆಕ್ಕಪತ್ರ ಹೊರದೇಶದ ಕ್ಲೌಡಿನಲ್ಲಿದ್ದರೂ ಬ್ಯಾಕಪ್ ಭಾರತದಲ್ಲಿ ಇರಬೇಕೆಂದು ಕಂಪನಿ ನಿಯಮಗಳು ಹೇಳುತ್ತವೆ. ಆ ಬ್ಯಾಕಪ್ ಪ್ರತಿದಿನ ಆಗಬೇಕೆಂದು 2022ರಲ್ಲಿ ತಿದ್ದುಪಡಿಯಾಯಿತು. ದೂರಸಂಪರ್ಕ ಕಂಪನಿಗಳ ಪರವಾನಗಿಯೂ ಚಂದಾದಾರರ ಲೆಕ್ಕದ ವಿವರ ಗಡಿ ದಾಟದಂತೆ ತಡೆಯುತ್ತದೆ.

ಸರ್ಕಾರದ ಕೈಯಲ್ಲಿರುವ ದತ್ತಾಂಶ

ಕರ್ನಾಟಕದ ‘ಭೂಮಿ’ ಯೋಜನೆ 2000ದ ದಶಕದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದುದು ಮೊದಲು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ, ಆಮೇಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂದಿತು. ಈಗ ಮೋಕದ ನಾಡಕಚೇರಿಯಲ್ಲಿ ಮುದ್ರಿಸುವ ಪಹಣಿ ಬರುವುದು ಅಲ್ಲಿಂದಲೇ. ಬೆಳೆ ಪರಿಹಾರ, ಸಬ್ಸಿಡಿಗಳಿಗೆ ರೈತರು ಕೊಡಬೇಕಾದ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆಯ ‘ಫ್ರೂಟ್ಸ್’ ದತ್ತಾಂಶವೂ ಪಹಣಿ, ಆಧಾರ್, ಬ್ಯಾಂಕ್ ಖಾತೆಗಳನ್ನು ಒಂದಕ್ಕೊಂದು ಹೆಣೆದಿದೆ. ಸರ್ಕಾರಿ ಇಲಾಖೆಗಳು ಖಾಸಗಿ ಕ್ಲೌಡ್ ಬಾಡಿಗೆಗೆ ಪಡೆಯುವಾಗಲೂ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಒಪ್ಪಿದ ಕಂಪನಿಗಳಲ್ಲಿ, ಭಾರತದೊಳಗಿನ ಕೇಂದ್ರಗಳಲ್ಲಿ ಮಾತ್ರ ಪಡೆಯಬೇಕೆಂಬುದು ಸಾಮಾನ್ಯ ಷರತ್ತು.

ನೆಲೆ ಊರಿನದೇ ಆದಮಾತ್ರಕ್ಕೆ ಗುಟ್ಟು ಉಳಿಯುತ್ತದೆಂದಲ್ಲ ಎಂಬುದಕ್ಕೂ ಪಹಣಿಯೇ ಒಳ್ಳೆಯ ನಿದರ್ಶನ. ಸರ್ವೆ ನಂಬರ್ ಗೊತ್ತಿದ್ದರೆ ಯಾರ ಹೊಲದ ಪಹಣಿಯನ್ನು ಯಾರು ಬೇಕಾದರೂ ತೆರೆದು, 11ನೇ ಕಾಲಮಿನಲ್ಲಿ ಯಾವ ಬ್ಯಾಂಕಿನ ಸಾಲವಿದೆ ಎಂದು ನೋಡಬಹುದು. ಭೂಮಿ ಕೊಳ್ಳುವವರಿಗೆ ಈ ಬಹಿರಂಗ ಬೇಕು. ಕಾನೂನಿನಂತೆ ಪ್ರಕಟಿಸಬೇಕಾದ ದತ್ತಾಂಶವನ್ನು 2023ರ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗೂ ಇಟ್ಟಿದೆ. ಜೊತೆಗೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣ ಕೊಟ್ಟು ಯಾವುದೇ ಸರ್ಕಾರಿ ಸಂಸ್ಥೆಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಲು ಕೇಂದ್ರಕ್ಕೆ ಅಧಿಕಾರವಿದೆ. ದತ್ತಾಂಶ ಹೊರದೇಶದಲ್ಲಿದ್ದರೆ ಅಲ್ಲಿನ ಸರ್ಕಾರದ ಭಯ, ಇಲ್ಲಿದ್ದರೆ ಇಲ್ಲಿನದು; ಭಾರತದ ಚರ್ಚೆಯಲ್ಲಿ ಮೊದಲನೆಯದರ ಮಾತು ಹೆಚ್ಚು ಕೇಳಿಸಿದೆ.

ರಾಜ್ಯಗಳ ಗಡಿ ದಾಖಲೆಗಳನ್ನು ಬೇರ್ಪಡಿಸುತ್ತದೆ, ಕಾಯ್ದೆಯನ್ನಲ್ಲ. ಬಳ್ಳಾರಿ, ಸಿರುಗುಪ್ಪ ತಾಲ್ಲೂಕುಗಳ ಅಂಚಿನ ಹಳ್ಳಿಯವರಿಗೆ ಆಂಧ್ರದ ಕಡೆಯೂ ಹೊಲವಿದ್ದರೆ, ಆ ದಾಖಲೆ ಆಂಧ್ರದ ‘ಮೀ ಭೂಮಿ’ಯಲ್ಲಿರುತ್ತದೆ. ಭೂಮಿ ರಾಜ್ಯ ಪಟ್ಟಿಯ ವಿಷಯವಾದ್ದರಿಂದ ಎರಡು ರಾಜ್ಯಗಳು ಎರಡು ದಾಖಲೆ ಇಡುತ್ತವೆ. ವೈಯಕ್ತಿಕ ದತ್ತಾಂಶದ ಕಾಯ್ದೆ ಮಾತ್ರ ಎರಡಕ್ಕೂ ಒಂದೇ.

ಯುರೋಪಿನ ನಿಯಮ ಮತ್ತು ಬೆಂಗಳೂರು

ಕರ್ನಾಟಕದ ಮಾಹಿತಿ ತಂತ್ರಜ್ಞಾನ ಉದ್ಯಮವನ್ನು ಭಾರತದ ಕಾಯ್ದೆಗಿಂತ ಮೊದಲೇ, ಅದಕ್ಕಿಂತ ಗಟ್ಟಿಯಾಗಿ ತಟ್ಟಿದ್ದು 2018ರ ಮೇ 25ರಿಂದ ಜಾರಿಗೆ ಬಂದ ಯುರೋಪ್ ಒಕ್ಕೂಟದ ದತ್ತಾಂಶ ರಕ್ಷಣೆಯ ಸಾಮಾನ್ಯ ನಿಯಮ, ಜಿಡಿಪಿಆರ್. ದತ್ತಾಂಶ ಯುರೋಪಿನಲ್ಲೇ ಇರಬೇಕೆಂದು ಅದು ಹೇಳುವುದಿಲ್ಲ. ಹೊರಗೆ ಹೋದರೆ ರಕ್ಷಣೆಯೂ ಜೊತೆಗೆ ಹೋಗಬೇಕೆನ್ನುತ್ತದೆ. ಯುರೋಪಿನ ಆಯೋಗವು ಸಾಕಷ್ಟು ರಕ್ಷಣೆಯಿದೆ ಎಂದು ಒಪ್ಪಿದ ಜಪಾನ್, ದಕ್ಷಿಣ ಕೊರಿಯಾದಂಥ ದೇಶಗಳಿಗೆ ದತ್ತಾಂಶ ಸಲೀಸಾಗಿ ಹೋಗುತ್ತದೆ. ಭಾರತಕ್ಕೆ ಆ ಮನ್ನಣೆ ಸಿಕ್ಕಿಲ್ಲ. ಹಾಗಾಗಿ ಬೆಂಗಳೂರಿನ ಕಂಪನಿಗಳು ಆಯೋಗ ಸಿದ್ಧಪಡಿಸಿಕೊಟ್ಟ ಮಾದರಿ ಕರಾರುಗಳಿಗೆ ಸಹಿ ಹಾಕಿ ಕೆಲಸ ಪಡೆಯುತ್ತವೆ. ಈಗಿನ ಮಾದರಿ 2021ರ ಜೂನಿನದು.

ಇಲ್ಲಿ ಸರ್ವರ್ ಜಾಗದ ಲೆಕ್ಕ ತಲೆಕೆಳಗಾಗುತ್ತದೆ. ಜರ್ಮನಿಯ ಆಸ್ಪತ್ರೆಯ ದತ್ತಾಂಶ ಫ್ರಾಂಕ್‌ಫರ್ಟಿನ ಸರ್ವರಿನಲ್ಲೇ ಇದ್ದರೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತ ಎಂಜಿನಿಯರ್ ದೋಷ ಸರಿಪಡಿಸಲು ಅದನ್ನು ಪರದೆಯ ಮೇಲೆ ತೆರೆದರೆ, ಯುರೋಪಿನ ದೃಷ್ಟಿಯಲ್ಲಿ ಅದು ಭಾರತಕ್ಕೆ ರವಾನೆ. ಒಂದು ಬೈಟೂ ಇಲ್ಲಿನ ಡಿಸ್ಕಿನಲ್ಲಿ ಉಳಿಯದಿದ್ದರೂ ಕರಾರು ಬೇಕು. 2020ರ ಜುಲೈ 16ರಂದು ಯುರೋಪಿನ ನ್ಯಾಯಾಲಯ ಖಾಸಗಿತನದ ಹೋರಾಟಗಾರ ಮ್ಯಾಕ್ಸ್ ಶ್ರೆಮ್ಸ್ ಅವರ ದೂರಿನಿಂದ ಹುಟ್ಟಿದ ಎರಡನೆಯ ಮೊಕದ್ದಮೆಯಲ್ಲಿ ಅಮೆರಿಕದೊಂದಿಗಿನ ದತ್ತಾಂಶ ರವಾನೆಯ ಒಪ್ಪಂದವನ್ನು ರದ್ದುಮಾಡಿ, ಕರಾರು ಮಾತ್ರ ಸಾಲದು, ದತ್ತಾಂಶ ಸೇರುವ ದೇಶದ ಸರ್ಕಾರಕ್ಕೆ ಎಷ್ಟು ಕೈಚಾಚಲು ಸಾಧ್ಯ ಎಂಬುದನ್ನೂ ತೂಗಿನೋಡಬೇಕು ಎಂದಿತು. ಅಂದಿನಿಂದ ಯುರೋಪಿನ ಗ್ರಾಹಕರು ಬೆಂಗಳೂರಿನ ಕಂಪನಿಗಳಿಗೆ ಕೇಳುವ ಪ್ರಶ್ನೆಗಳಲ್ಲಿ ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ, ಎಂದರೆ ಸರ್ಕಾರ ದತ್ತಾಂಶವನ್ನು ಕದ್ದಾಲಿಸಲು ಮತ್ತು ಬಿಡಿಸಿ ಓದಲು ಇರುವ ಅಧಿಕಾರವೂ ಸೇರಿದೆ. ತಪ್ಪಿಗೆ ಬೆಲೆ ದೊಡ್ಡದು: ಅಮೆರಿಕಕ್ಕೆ ದತ್ತಾಂಶ ಕಳಿಸಿದ್ದಕ್ಕಾಗಿ 2023ರ ಮೇ ತಿಂಗಳಲ್ಲಿ ಮೆಟಾ ಕಂಪನಿಗೆ ಐರ್ಲೆಂಡಿನ ಪ್ರಾಧಿಕಾರ 120 ಕೋಟಿ ಯೂರೋ ದಂಡ ಹಾಕಿತು.

ಇದೇ ಉದ್ಯಮವನ್ನು ಕಾಪಾಡಲು 2023ರ ಭಾರತೀಯ ಕಾಯ್ದೆಯಲ್ಲೊಂದು ಕಿಂಡಿ ಇದೆ. ಹೊರದೇಶದ ಗ್ರಾಹಕ ಕಂಪನಿಯ ಕರಾರಿನಂತೆ ಹೊರದೇಶದವರ ದತ್ತಾಂಶವನ್ನು ಭಾರತದಲ್ಲಿ ಸಂಸ್ಕರಿಸಿದರೆ, ಭದ್ರತೆಯ ಹೊಣೆಯಂಥ ಕೆಲವನ್ನು ಬಿಟ್ಟು ಬಹುತೇಕ ವಿಧಿಗಳು ಅನ್ವಯಿಸುವುದಿಲ್ಲ.

ಸಣ್ಣ ಸಂಸ್ಥೆಗಳೂ ಈ ಬಲೆಗೆ ಹೊರತಲ್ಲ. ಬಳ್ಳಾರಿಯ ಜೀನ್ಸ್ ಘಟಕವೊಂದು ಯುರೋಪಿನ ವ್ಯಾಪಾರಿಗೆ ಸಗಟಾಗಿ ಮಾರಿದರೆ ಹೆಚ್ಚಿನ ತೊಡಕಿಲ್ಲ. ಸ್ವಂತ ಜಾಲತಾಣ ತೆರೆದು ಯೂರೋ ಬೆಲೆ ಹಾಕಿ ಜರ್ಮನಿಯ ಮನೆಮನೆಗೆ ಕಳಿಸತೊಡಗಿದರೆ, ಸರ್ವರ್ ಮುಂಬೈಯಲ್ಲೇ ಇರಲಿ ಬಳ್ಳಾರಿಯಲ್ಲೇ ಇರಲಿ, ಜಿಡಿಪಿಆರ್ ಅನ್ವಯಿಸುತ್ತದೆ; ಯುರೋಪಿನಲ್ಲಿ ಪ್ರತಿನಿಧಿಯೊಬ್ಬರನ್ನು ನೇಮಿಸಬೇಕಾಗಲೂಬಹುದು. ಯುರೋಪಿನಲ್ಲಿ ನೆಲೆಸಿದ ಕನ್ನಡಿಗರ ಸಂಘವೊಂದು ಸದಸ್ಯರ ಪಟ್ಟಿಯನ್ನೂ ಕನ್ನಡ ಕಲಿಯುವ ಮಕ್ಕಳ ಹೆಸರುಗಳನ್ನೂ ಅಮೆರಿಕದ ಅಗ್ಗದ ಸರ್ವರಿನಲ್ಲಿಟ್ಟರೆ, ಅದೂ ಖಂಡಾಂತರ ರವಾನೆಯೇ. ಮನೆತನದ ವಂಶವೃಕ್ಷವನ್ನು ನೆಂಟರೊಳಗೆ ಹಂಚಿಕೊಳ್ಳುವುದಕ್ಕೆ ಮಾತ್ರ ಗೃಹಬಳಕೆಯ ವಿನಾಯಿತಿ ಇದೆ.

ಸರ್ವರ್ ಹೊರಟುಹೋದಾಗ

ಕಾನೂನು ಸರ್ವರ್‌ಗಳನ್ನು ಒಳಗೆ ಎಳೆಯುವಂತೆ ಹೊರಗೂ ದೂಡುತ್ತದೆ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಲಾಗ್‌ಗಳನ್ನು 180 ದಿನ ಕಾದಿಡಬೇಕೆಂದಿತು. ಬಳಕೆದಾರರ ಗುರುತು ಮರೆಮಾಡುವ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಐದು ವರ್ಷ ಇಡಬೇಕೆಂದಿತು. ಯಾವ ದಾಖಲೆಯನ್ನೂ ಇಡುವುದಿಲ್ಲವೆಂಬುದೇ ಆ ಸೇವೆಗಳ ಬಂಡವಾಳ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಒಂದೊಂದಾಗಿ ಭಾರತದ ಸರ್ವರ್‌ಗಳನ್ನು ತೆಗೆದವು. ಸಿಂಗಪುರ, ಬ್ರಿಟನ್‌ಗಳಲ್ಲಿ ಯಂತ್ರವಿಟ್ಟು ಭಾರತದ ಐಪಿ ವಿಳಾಸ ತೋರಿಸುವ ವ್ಯವಸ್ಥೆಗೆ ಕೆಲವು ಹೊರಳಿದವು. ನಿಯಂತ್ರಣಕ್ಕೆಂದು ಬಂದ ನಿಯಮದಿಂದ ಯಂತ್ರಗಳು ನಿಯಂತ್ರಣದಾಚೆ ಹೋದವು.

ಹೊರದೇಶದ ಸರ್ವರಿನದೇ ಇನ್ನೊಂದು ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಬಂದಿತು. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಮೂಲಕ ತನ್ನ ಮಹಿಳಾ ಉದ್ಯೋಗಿಯ ಕುರಿತು ಅಶ್ಲೀಲ ಸಂದೇಶಗಳನ್ನು ಹರಡಲಾಗಿದೆ, ಕಳಿಸಿದವರ ವಿವರ ಪಡೆಯಲು ಪೊಲೀಸರಿಗೆ ಸಾಧ್ಯವಾಗುತ್ತಿಲ್ಲ ಎಂದು ಕಂಪನಿಯೊಂದು ದೂರಿತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2025ರ ಏಪ್ರಿಲ್ 29ರಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಆ ಸೇವೆಯನ್ನು ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ಆದೇಶಿಸಿದರು. ಗುಟ್ಟಾದ ಇ-ಮೇಲ್ ಪತ್ರಕರ್ತರಿಗೂ ಆಸರೆ, ಕಿರುಕುಳ ಕೊಡುವವರಿಗೂ ಆಸರೆ. ಸರ್ವರ್ ಹೊರದೇಶದಲ್ಲಿದ್ದಾಗ ಸಂತ್ರಸ್ತರಿಗೆ ಉಳಿಯುವ ದಾರಿ ದೇಶದೇಶಗಳ ನಡುವಿನ ಕಾನೂನು ನೆರವಿನ ಒಪ್ಪಂದ. ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಶ್ರೀಕೃಷ್ಣ ಸಮಿತಿ ಹೇಳಿದ್ದ ತನಿಖೆಯ ಕಷ್ಟ ಸುಳ್ಳಾಗಿರಲಿಲ್ಲ.

ಯಂತ್ರದ ಜಾಗಕ್ಕಿಂತ ಅದರ ಒಡೆಯನನ್ನು ಹಿಡಿಯುವುದು ಅಮೆರಿಕದ ದಾರಿ. ಡಬ್ಲಿನ್ನಿನ ಸರ್ವರಿನಲ್ಲಿದ್ದ ಇ-ಮೇಲ್‌ಗಳಿಗಾಗಿ 2013ರಲ್ಲಿ ಮೈಕ್ರೊಸಾಫ್ಟ್‌ಗೆ ವಾರಂಟ್ ಕೊಟ್ಟಾಗ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿರುವಾಗಲೇ, 2018ರ ಮಾರ್ಚಿನಲ್ಲಿ, ಕ್ಲೌಡ್ ಕಾಯ್ದೆ ಬಂದು ಅಮೆರಿಕದ ಕಂಪನಿಗಳು ತಮ್ಮ ಹಿಡಿತದ ದತ್ತಾಂಶವನ್ನು ಅದು ಎಲ್ಲಿದ್ದರೂ ಒಪ್ಪಿಸಬೇಕೆಂದಿತು. ಮುಂಬೈಯಲ್ಲಿರುವ ಅಮೆರಿಕನ್ ಕಂಪನಿಯ ಕ್ಲೌಡಿಗೂ ಆ ಕೈ ಚಾಚುತ್ತದೆ. ರಷ್ಯ 2015ರ ಸೆಪ್ಟೆಂಬರಿನಿಂದ ತನ್ನ ನಾಗರಿಕರ ದತ್ತಾಂಶ ದೇಶದಲ್ಲೇ ಇರಬೇಕೆಂದು ವಿಧಿಸಿ, ಪಾಲಿಸದ ಲಿಂಕ್ಡ್‌ಇನ್ ಅನ್ನು ಮರುವರ್ಷ ಮುಚ್ಚಿಸಿತು. ಚೀನದಲ್ಲಿ ಆ್ಯಪಲ್ 2018ರಲ್ಲಿ ಅಲ್ಲಿನ ಗ್ರಾಹಕರ ಐಕ್ಲೌಡ್ ಖಾತೆಗಳನ್ನು ಗ್ವಿಝೌ ಪ್ರಾಂತದ ಸರ್ಕಾರಿ ಸಂಬಂಧದ ಕಂಪನಿಗೆ ಒಪ್ಪಿಸಿತು.

ಕೇಂದ್ರಗಳ ಹಂಚಿಕೆ

ಕಾನೂನು ದೇಶವನ್ನು ಗೊತ್ತುಮಾಡಿದ ಮೇಲೆ ಊರನ್ನು ಗೊತ್ತುಮಾಡುವವು ಕರೆಂಟು, ನೀರು, ನೆಲದ ಬೆಲೆ, ಕೇಬಲ್ಲುಗಳು. ಮೈಕ್ರೊಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬೈ ಹಾಗೂ 2022ರಲ್ಲಿ ಹೈದರಾಬಾದಿನಲ್ಲಿ, ಗೂಗಲ್ 2017ರಲ್ಲಿ ಮುಂಬೈ ಹಾಗೂ 2021ರಲ್ಲಿ ದೆಹಲಿಯಲ್ಲಿ ಕ್ಲೌಡ್ ವಲಯ ತೆರೆದವು. ಸಮುದ್ರದಡಿಯ ಅಂತರರಾಷ್ಟ್ರೀಯ ಕೇಬಲ್ಲುಗಳು ಬಹುಪಾಲು ದಡ ಸೇರುವುದು ಮುಂಬೈ ಮತ್ತು ಚೆನ್ನೈಗಳಲ್ಲಿ. ಹೀಗಾಗಿ ಕ್ಲೌಡ್ ತಂತ್ರಾಂಶ ಬರೆಯುವ ಬೆಂಗಳೂರು, ಈ ಮೂರು ಕಂಪನಿಗಳ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಇತರ ಕಂಪನಿಗಳ ಬಾಡಿಗೆ ಕೇಂದ್ರಗಳು ನಗರದಲ್ಲಿ ಇವೆ. ರಾಜ್ಯ ಸರ್ಕಾರ 2022-27ರ ಅವಧಿಗೆ ದತ್ತಾಂಶ ಕೇಂದ್ರಗಳಿಗೆಂದೇ ನೀತಿಯೊಂದನ್ನು ರೂಪಿಸಿದೆ.

ನೆಲ ಒಂದು ದೇಶದ್ದು, ಕಾನೂನು ಇನ್ನೊಂದರದ್ದು ಎಂಬ ವ್ಯವಸ್ಥೆಯೂ ಹುಟ್ಟಿದೆ. ಎಸ್ಟೋನಿಯ 2017ರಲ್ಲಿ ಲಕ್ಸೆಂಬರ್ಗ್‌ನೊಂದಿಗೆ ಒಪ್ಪಂದ ಮಾಡಿಕೊಂಡು, ತನ್ನ ಸರ್ಕಾರಿ ದಾಖಲೆಗಳ ಪ್ರತಿಯನ್ನು ಅಲ್ಲಿನ ಕೇಂದ್ರದಲ್ಲಿ ರಾಯಭಾರ ಕಚೇರಿಗಿರುವಂಥ ರಕ್ಷಣೆಯಡಿ ಇರಿಸಿತು. ಬೇರೆ ದೇಶಗಳಿಗೆ ಇಂಥ ದತ್ತಾಂಶ ರಾಯಭಾರ ಕಚೇರಿಗಳನ್ನು ಗುಜರಾತಿನ ಗಿಫ್ಟ್ ಸಿಟಿಯಲ್ಲಿ ತೆರೆಯಲು ಅನುವು ಮಾಡಿಕೊಡುವುದಾಗಿ ಭಾರತ 2023ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟಿಸಿತು.